"ಮನೆಯಲ್ಲೇ ಇದ್ದೀಯಲ್ಲ": ಮನೆಯಿಂದ ಮಾಡುವ ಕೆಲಸ ಯಾಕೆ ಸಾಗುವುದಿಲ್ಲ, ಹೇಗೆ ಸಾಗಿಸಬಹುದು

"ಮನೆಯಲ್ಲೇ ಇದ್ದೀಯಲ್ಲ, ಆ ಅಡಿಕೆ ಸ್ವಲ್ಪ ಒಳಗೆ ಹಾಕು. ಮೋಡ ಆಗ್ತಾ ಉಂಟು."

ಹೀಗೆ ಹೇಳಿದ ಅತ್ತೆಯದ್ದು ತಪ್ಪಲ್ಲ. ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆ ಒದ್ದೆಯಾದರೆ ನಷ್ಟ ಮನೆಗೇ. ಅವರಿಗೆ ಮಂಡಿನೋವು, ಮಾವ ಬದಿಯಡ್ಕ ಪೇಟೆಗೆ ಹೋಗಿದ್ದರು, ಆ ಹೊತ್ತಿಗೆ ಮನೆಯಲ್ಲಿದ್ದ ಗಟ್ಟಿ ಕೈ ನನ್ನದೊಂದೇ. ಆದರೆ ನಾನು ಬೆಳಗ್ಗಿನಿಂದ ಒಂದು ಪ್ರೋಗ್ರಾಮಿನಲ್ಲಿ ತಪ್ಪು ಎಲ್ಲಿದೆ ಅಂತ ಹುಡುಕುತ್ತಾ ಕೂತಿದ್ದೆ, ಎರಡು ಗಂಟೆಯ ಮೇಲೆ ಅದರ ತುದಿ ಆಗಷ್ಟೇ ಕೈಗೆ ಸಿಕ್ಕಿತ್ತು. ಅಡಿಕೆ ಒಳಗೆ ಹಾಕಲು ಹಿಡಿದದ್ದು ಹದಿನೈದು ನಿಮಿಷ. ಮತ್ತೆ ಬಂದು ಕೂತಾಗ ಆ ತುದಿ ಕೈಯಲ್ಲಿರಲಿಲ್ಲ. ಅದನ್ನು ಪುನಃ ಹಿಡಿಯಲು ಇನ್ನೊಂದು ಗಂಟೆ ಹೋಯಿತು.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಬೆಂಗಳೂರು, ಮಂಗಳೂರು, ಕೊಚ್ಚಿಯಿಂದ ಬ್ಯಾಗು ಹಿಡಿದು ಕಾಸರಗೋಡಿನ ಮನೆಗಳಿಗೆ ಬಂದವರಲ್ಲಿ ಕೆಲವರು ಇಲ್ಲೇ ಉಳಿದೆವು. ಪೆರ್ಲ, ನೀರ್ಚಾಲು, ಮುಳ್ಳೇರಿಯ ಕಡೆಯ ಪರಿಚಯದವರು ಸಿಕ್ಕಿದರೆ ಮಾತು ಇಲ್ಲಿಗೇ ಬರುತ್ತದೆ. ಆಫೀಸಿನಲ್ಲಿದ್ದಾಗಿನದಕ್ಕಿಂತ ಜಾಸ್ತಿ ಹೊತ್ತು ಕೂರುತ್ತೇನೆ, ಮುಗಿಯುವ ಕೆಲಸ ಮಾತ್ರ ಕಡಿಮೆ, ನನಗೆ ಶಿಸ್ತಿಲ್ಲವೋ ಏನೋ ಅಂತ. ಬೇಜಾರಾಗುವುದು ಆ ಕೊನೆಯ ಮಾತಿಗೆ. ಶಿಸ್ತಿನ ಪಾಲು ಇದರಲ್ಲಿ ತುಂಬ ಸಣ್ಣದು ಅಂತ ನಾನು ನಂಬಿದ್ದೇನೆ. ಆಫೀಸು ಎನ್ನುವ ಕಟ್ಟಡ ನಾವು ಕೇಳದೆಯೇ ನಮಗಾಗಿ ಹಲವು ಕೆಲಸ ಮಾಡುತ್ತಿತ್ತು. ಮನೆ ಅದನ್ನೆಲ್ಲ ತಾನಾಗಿ ಮಾಡುವುದಿಲ್ಲ. ಯಾವುದು ತಪ್ಪಿಹೋಗಿದೆ ಅಂತ ಗೊತ್ತಾದರೆ ಅದನ್ನು ಒಂದೊಂದಾಗಿ ಕಟ್ಟಿಕೊಳ್ಳಬಹುದು.

ಶಾಂಘೈಯಲ್ಲಿ ಏರಿದ್ದು, ಚೆನ್ನೈಯಲ್ಲಿ ಇಳಿದದ್ದು

ಮನೆಯಿಂದ ಕೆಲಸ ಮಾಡಿದರೆ ಕೆಲಸ ಹೆಚ್ಚು ಸಾಗುತ್ತದೋ ಕಡಿಮೆಯಾಗುತ್ತದೋ? ಎರಡೂ ಆಗುತ್ತದೆ. ಎರಡಕ್ಕೂ ಒಳ್ಳೆಯ ಅಧ್ಯಯನಗಳಿವೆ. ಅವನ್ನು ಪಕ್ಕಪಕ್ಕ ಇಟ್ಟು ನೋಡಿದರೇನೇ ವಿಷಯ ಸ್ಪಷ್ಟವಾಗುವುದು.

ಮೊದಲನೆಯದು ಚೀನಾದ್ದು. ಸಿಟ್ರಿಪ್ ಎಂಬ ಪ್ರಯಾಣ ಕಂಪನಿಯ ಶಾಂಘೈ ಕಾಲ್ ಸೆಂಟರಿನಲ್ಲಿ 2010ರ ಕೊನೆಗೆ ಶುರುವಾಗಿ ಒಂಬತ್ತು ತಿಂಗಳು ನಡೆದ ಪ್ರಯೋಗ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನಿಕೊಲಸ್ ಬ್ಲೂಮ್ ಮತ್ತು ಜೊತೆಗಾರರು ಇದನ್ನು ಮಾಡಿದರು. ಮನೆಯಿಂದ ಕೆಲಸ ಮಾಡಲು ಇಷ್ಟ ಅಂತ ಮುಂದೆ ಬಂದವರಲ್ಲಿ ಅರ್ಧದಷ್ಟು ಜನರನ್ನು ಚೀಟಿ ಎತ್ತಿದ ಹಾಗೆ ಆರಿಸಿ ವಾರಕ್ಕೆ ನಾಲ್ಕು ದಿನ ಮನೆಗೆ ಕಳಿಸಿದರು, ಉಳಿದವರು ಆಫೀಸಿನಲ್ಲೇ ಕೂತರು. ಮನೆಯಿಂದ ದುಡಿದವರ ಕೆಲಸ ಶೇ. 13ರಷ್ಟು ಹೆಚ್ಚಾಯಿತು. ಅದರ ದೊಡ್ಡ ಪಾಲು ಬಂದದ್ದು ಬಿಡುವು ಮತ್ತು ರಜೆ ಕಡಿಮೆಯಾದದ್ದರಿಂದ, ಉಳಿದದ್ದು ಸದ್ದಿಲ್ಲದ ಜಾಗದಿಂದ.

ಎರಡನೆಯದು ನಮಗೆ ಹತ್ತಿರದ ಚೆನ್ನೈಯದ್ದು. ಡೇವಿಡ್ ಆಟ್ಕಿನ್, ಆಂಟೊನೆಟ್ ಶೋರ್ ಮತ್ತು ಸುಮಿತ್ ಶಿಂದೆ ಡೇಟಾ ಎಂಟ್ರಿ ಕೆಲಸಕ್ಕೆ ಜನರನ್ನು ಸೇರಿಸಿಕೊಂಡು, ಇಲ್ಲೂ ಚೀಟಿ ಎತ್ತಿದ ಹಾಗೆಯೇ ಕೆಲವರನ್ನು ಮನೆಯಲ್ಲಿ, ಕೆಲವರನ್ನು ಆಫೀಸಿನಲ್ಲಿ ಕೂರಿಸಿದರು. 2023ರಲ್ಲಿ ಪ್ರಕಟವಾದ ಫಲಿತಾಂಶ ಪೂರ್ತಿ ತಿರುಗುಮುರುಗು. ಮನೆಯಿಂದ ದುಡಿದವರ ಕೆಲಸ ಶೇ. 18ರಷ್ಟು ಕಡಿಮೆ. ಈ ಕೊರತೆಯ ಮೂರನೇ ಎರಡು ಭಾಗ ಮೊದಲ ದಿನವೇ ಕಾಣಿಸಿತ್ತು. ಉಳಿದ ಭಾಗ ಬಂದದ್ದು ಆಫೀಸಿನವರು ಬೇಗ ಬೇಗ ಕಲಿತು ಮುಂದೆ ಹೋದದ್ದರಿಂದ.

ಯಾವುದನ್ನು ನಂಬುವುದು? ಎರಡನ್ನೂ. ಶಾಂಘೈಯವರು ಕಡಿಮೆಯೆಂದರೆ ಆರು ತಿಂಗಳಿಂದ ಅದೇ ಕೆಲಸ ಮಾಡಿ ಕೈ ಪಳಗಿದವರು. ಮನೆಯಲ್ಲಿ ಅವರಿಗೇ ಅಂತ ಒಂದು ಕೋಣೆ ಇರಬೇಕು, ಇಂಟರ್‌ನೆಟ್ ಇರಬೇಕು ಎನ್ನುವ ಷರತ್ತು ಮೊದಲೇ ಇತ್ತು. ಆಫೀಸಿನವರ ಶಿಫ್ಟೇ ಅವರಿಗೂ, ಅಂದರೆ ಶುರುವಿಗೂ ಕೊನೆಗೂ ಗಂಟೆ ಗೊತ್ತಿತ್ತು. ಎಷ್ಟು ಕರೆ ತೆಗೆದುಕೊಂಡರು ಅಂತ ಲೆಕ್ಕ ಸಿಗುವ ಕೆಲಸ. ವಾರಕ್ಕೊಮ್ಮೆ ಆಫೀಸಿನ ಮುಖ ಕಾಣುತ್ತಿತ್ತು. ಇಷ್ಟೆಲ್ಲ ಅನುಕೂಲ ಇದ್ದೂ, ಪ್ರಯೋಗ ಮುಗಿದ ಮೇಲೆ ಬೇಕಾದ್ದು ಆರಿಸಿಕೊಳ್ಳಿ ಅಂದಾಗ ಮನೆಯಲ್ಲಿದ್ದವರಲ್ಲಿ ಸುಮಾರು ಅರ್ಧ ಜನ ಆಫೀಸಿಗೇ ವಾಪಸಾದರು. ಒಂಟಿತನ ಅವರನ್ನು ಕಾಡಿತ್ತು. ಹೀಗೆ ತಾವೇ ಆರಿಸಿಕೊಂಡ ಮೇಲೆ ಲಾಭ ಶೇ. 22ಕ್ಕೆ ಏರಿತು.

ಚೆನ್ನೈಯ ಅಧ್ಯಯನದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಒಂದು ಅಂಶ. ಯಾರು ಮನೆಯಿಂದಲೇ ಕೆಲಸ ಬೇಕು ಅಂತ ಇಷ್ಟಪಟ್ಟಿದ್ದರೋ ಅವರ ಕೆಲಸವೇ ಮನೆಯಲ್ಲಿ ಹೆಚ್ಚು ಕುಸಿದದ್ದು, ಶೇ. 27ರಷ್ಟು. ಆಫೀಸು ಇಷ್ಟ ಅಂದವರದ್ದು ಶೇ. 13 ಮಾತ್ರ. ಹೀಗೆ ಯಾಕೆ? ಮನೆಯಿಂದಲೇ ಬೇಕು ಅನ್ನುವವರಲ್ಲಿ ಹಲವರಿಗೆ ಮನೆ ಬಿಟ್ಟು ಹೊರಡಲು ಆಗುವುದಿಲ್ಲ. ಮಗು ಸಣ್ಣದು, ಮನೆಗೆಲಸ ತಲೆಯ ಮೇಲೆ. ಯಾವ ಕಾರಣಕ್ಕೆ ಅವರಿಗೆ ಮನೆ ಬೇಕೋ ಅದೇ ಕಾರಣ ಮನೆಯಲ್ಲಿ ಅವರ ಕೆಲಸವನ್ನು ಎಳೆಯುತ್ತದೆ. ಇದನ್ನು ಓದಿದ ದಿನ ನಾನು ತುಂಬ ಹೊತ್ತು ಸುಮ್ನೆ ಕೂತಿದ್ದೆ. ನನ್ನದೇ ಕಥೆ ಅನಿಸಿತ್ತು.

ಇನ್ನೊಂದು ಅಧ್ಯಯನವನ್ನೂ ಸೇರಿಸಬೇಕು, ಐಟಿಯವರಿಗೆ ಅದು ಮುಖ್ಯ. ಏಷ್ಯಾದ ಒಂದು ದೊಡ್ಡ ಐಟಿ ಸೇವಾ ಕಂಪನಿಯ 10,000ಕ್ಕೂ ಹೆಚ್ಚು ಉದ್ಯೋಗಿಗಳ 2019-20ರ ದಾಖಲೆಗಳನ್ನು ಮೈಕಲ್ ಗಿಬ್ಸ್ ಮತ್ತಿತರ ಅರ್ಥಶಾಸ್ತ್ರಜ್ಞರು ನೋಡಿದರು. ಮನೆಗೆ ಹೋದ ಮೇಲೆ ಅವರು ಸರಾಸರಿ ಹೆಚ್ಚು ಗಂಟೆ ದುಡಿದಿದ್ದರು, ಕಚೇರಿ ಸಮಯ ಮುಗಿದ ಮೇಲೂ ದುಡಿದಿದ್ದರು. ಆದರೆ ಮುಗಿದ ಕೆಲಸ ಏರಲಿಲ್ಲ. ಗಂಟೆ ಲೆಕ್ಕಕ್ಕೆ ನೋಡಿದರೆ ಇಳಿದದ್ದೇ. ಕಾರಣ ಸೋಮಾರಿತನ ಅಲ್ಲವೇ ಅಲ್ಲ. ಮೀಟಿಂಗುಗಳು ಜಾಸ್ತಿಯಾದವು, ಯಾರೂ ಕರೆಯದೆ ಒಂದೇ ಕಡೆ ಮನಸ್ಸಿಟ್ಟು ಕೂರಬಹುದಾದ ಹೊತ್ತು ತುಂಡು ತುಂಡಾಯಿತು. ಆಫೀಸಿನಲ್ಲಿ ಪಕ್ಕದ ಕುರ್ಚಿಗೆ ತಿರುಗಿ ಒಂದು ಮಾತಲ್ಲಿ ಕೇಳುತ್ತಿದ್ದ ಪ್ರಶ್ನೆಗೆ ಈಗ ಅರ್ಧ ಗಂಟೆಯ ಕಾಲ್.

ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ಬರೆದ ಒಂದು ಲೇಖನ ಈ ತುಂಡು ಹೊತ್ತು ಯಾಕೆ ಅಷ್ಟು ನಷ್ಟ ಎನ್ನುವುದನ್ನು ವಿವರಿಸುತ್ತದೆ. ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಕೈ ಹಾಕಿದಾಗ ಮನಸ್ಸಿನ ಒಂದು ಪಾಲು ಹಿಂದಿನದ್ದರಲ್ಲೇ ಅಂಟಿಕೊಂಡಿರುತ್ತದೆ. ಹಲಸಿನ ಹಣ್ಣು ಬಿಡಿಸಿದ ಕೈಯಲ್ಲಿ ಮೇಣ ಉಳಿಯುವ ಹಾಗೆ. ಕೈ ತೊಳೆದರೂ ತಕ್ಷಣ ಹೋಗುವುದಿಲ್ಲ. ನನ್ನ ಹದಿನೈದು ನಿಮಿಷದ ಅಡಿಕೆ ಒಂದೂಕಾಲು ಗಂಟೆ ತಿಂದದ್ದು ಹೀಗೆ.

ಗಡಿ

ಕೆಲಸ ಮತ್ತು ಮನೆ ಎರಡು ಬೇರೆ ಬೇರೆ ನಾಡುಗಳಿದ್ದ ಹಾಗೆ, ಮಾತು ಬೇರೆ, ರೂಢಿ ಬೇರೆ, ನಾವೆಲ್ಲ ದಿನಾ ಆ ಗಡಿ ದಾಟುವವರು ಅಂತ ಸ್ಯೂ ಕ್ಯಾಂಬೆಲ್ ಕ್ಲಾರ್ಕ್ ಎಂಬ ಸಂಶೋಧಕಿ 2000ದಲ್ಲಿ ಬರೆದರು. ಗಡಿ ಅಂದರೆ ಏನು ಅಂತ ಕಾಸರಗೋಡಿನವರಿಗೆ ಹೇಳಿಕೊಡಬೇಕಾಗಿಲ್ಲ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ನಾವು ಅದರ ಜೊತೆಗೇ ಬದುಕಿದ್ದೇವೆ. ಮನೆಯಲ್ಲಿ ಕನ್ನಡ ಅಥವಾ ತುಳು, ಪಂಚಾಯತಿನಲ್ಲಿ ಮಲಯಾಳ, ತಲಪಾಡಿ ದಾಟಿ ಮಂಗಳೂರಿನಲ್ಲಿ ಮತ್ತೆ ಕನ್ನಡ. ಬಸ್ಸು ದಾಟುತ್ತಿದ್ದ ಹಾಗೆ ನಾಲಿಗೆ ತಾನಾಗಿ ಬದಲಾಗುತ್ತದೆ. 2020ರಲ್ಲಿ ತಲಪಾಡಿ ಮುಚ್ಚಿದಾಗ ಎಷ್ಟು ಕಷ್ಟವಾಯಿತು ಅಂತಲೂ ಗೊತ್ತು. ಗಡಿ ಪೂರ್ತಿ ಮುಚ್ಚಿದರೂ ಬದುಕು ನಡೆಯುವುದಿಲ್ಲ. ಗಡಿಯೇ ಇಲ್ಲದಿದ್ದರೆ ಎಲ್ಲಿದ್ದೇವೆ ಅಂತಲೇ ತಿಳಿಯುವುದಿಲ್ಲ.

ಕ್ಲಾರ್ಕ್ ಹೇಳುವುದು ಮೂರು ಬಗೆಯ ಗಡಿ: ಜಾಗದ್ದು, ಹೊತ್ತಿನದ್ದು, ಮನಸ್ಸಿನದ್ದು. ಆಫೀಸಿಗೆ ಹೋಗುವಾಗ ಮೂರೂ ಪುಕ್ಕಟೆ ಸಿಗುತ್ತಿದ್ದವು. ಮನೆಯಲ್ಲಿ ಮೂರೂ ಒಟ್ಟಿಗೆ ಅಳಿಸಿಹೋಗುತ್ತವೆ.

ಜಾಗದ ಮಾತು ಮೊದಲು. ನಮ್ಮ ಹಳೇ ಮನೆಗಳು ತೆರೆದ ಮನೆಗಳು. ಚಾವಡಿಗೆ ಯಾರು ಬೇಕಾದರೂ ಬಂದು ಕೂರಬಹುದು, ಹಗಲು ಹೊತ್ತು ಬಾಗಿಲು ಹಾಕುವ ರೂಢಿಯೇ ಇಲ್ಲ. ಅಂಥಲ್ಲಿ ಬಾಗಿಲು ಹಾಕಿ ಕೂತರೆ "ಸಿಟ್ಟು ಬಂದಿದೆಯಾ?" ಅಂತ ಕೇಳುತ್ತಾರೆ. ನಾನು ಮೊದಲು ಚಾವಡಿಯ ಮೂಲೆಯಲ್ಲೇ ಕೂರುತ್ತಿದ್ದೆ. ಅಲ್ಲಿ ಗಾಳಿ ಚೆನ್ನಾಗಿತ್ತು, ನೆಟ್ ಚೆನ್ನಾಗಿತ್ತು, ಕೆಲಸ ಮಾತ್ರ ಆಗುತ್ತಿರಲಿಲ್ಲ. ಕೊನೆಗೆ ಮಾಳಿಗೆಯಲ್ಲಿ ಹಳೇ ಪಾತ್ರೆ, ಗೋಣಿಚೀಲ ತುಂಬಿದ್ದ ಸಣ್ಣ ಕೋಣೆಯನ್ನು ಖಾಲಿ ಮಾಡಿಸಿಕೊಂಡೆ. ಸೆಕೆ ಜಾಸ್ತಿ, ಹಂಚಿನ ಬಿಸಿ ನೇರ ತಲೆಗೆ. ಆದರೂ ಬದಲಾವಣೆ ಒಂದೇ ವಾರದಲ್ಲಿ ಕಂಡಿತು. ಯಾಕೆಂದರೆ ಮೆಟ್ಟಿಲು ಹತ್ತಿ ಬಂದು ಕರೆಯಬೇಕಾದರೆ ಕರೆಯುವವರೇ ಒಮ್ಮೆ ಯೋಚಿಸುತ್ತಾರೆ. ಕೋಣೆ ಇಲ್ಲದವರು ಒಂದು ಮೇಜನ್ನಾದರೂ ಗೊತ್ತು ಮಾಡಿಕೊಳ್ಳಿ, ಗೋಡೆಗೆ ಮುಖ ಮಾಡಿ ಹಾಕಿಕೊಳ್ಳಿ, ಆ ಮೇಜಿನಲ್ಲಿ ಊಟ ಬೇಡ, ಮೊಬೈಲಿನಲ್ಲಿ ವಿಡಿಯೋ ನೋಡುವುದೂ ಬೇಡ. ಹಾಸಿಗೆಯಲ್ಲಿ ಮಾತ್ರ ಲ್ಯಾಪ್‌ಟಾಪ್ ಇಟ್ಟುಕೊಳ್ಳಬೇಡಿ. ಬೆನ್ನಿಗೂ ಕೆಟ್ಟದು, ನಿದ್ದೆಗೂ ಕೆಟ್ಟದು.

ಹೊತ್ತಿನ ಗಡಿಯ ಮಾತು ಮುಂದೆ ಬರುತ್ತದೆ. ಮನಸ್ಸಿನ ಗಡಿ ಹೆಚ್ಚು ಸೂಕ್ಷ್ಮ. ಯಕ್ಷಗಾನ ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಯಕ್ಷಗಾನ ಕವಿ ಪಾರ್ತಿಸುಬ್ಬ ಹುಟ್ಟಿದ ಕುಂಬಳೆ ಸೀಮೆ ನಮ್ಮದು, ವೇಷ ಕಟ್ಟುವ ಚೌಕಿಯನ್ನು ಇಣುಕಿ ನೋಡದ ಮಕ್ಕಳು ಇಲ್ಲಿ ಕಡಿಮೆ. ವೇಷಧಾರಿ ಬಸ್ಸಿಳಿದು ನೇರ ರಂಗಸ್ಥಳಕ್ಕೆ ಹೋಗುವುದಿಲ್ಲ. ಚೌಕಿಯಲ್ಲಿ ಕೂತು, ಕನ್ನಡಿ ಹಿಡಿದು, ಒಂದೊಂದೇ ಗೆರೆ ಎಳೆದು, ಗೆಜ್ಜೆ ಕಟ್ಟಿ, ಕಿರೀಟ ಇಟ್ಟು ಏಳುವಾಗ ಅವನು ಬೇರೆ ಮನುಷ್ಯ. ಊರಿನ ಶಂಕರಣ್ಣನೋ ಗೋವಿಂದಣ್ಣನೋ ಅಲ್ಲ, ಅರ್ಜುನ. ನಮಗೆ ಕುಂಬಳೆಯಿಂದ ಮಂಗಳೂರಿಗೆ ಹೋಗುವ ಬೆಳಗ್ಗಿನ ರೈಲೇ ಚೌಕಿ ಆಗಿತ್ತು. ಆ ಮುಕ್ಕಾಲು ಗಂಟೆಯಲ್ಲಿ ಮನೆಯ ಮಾತು ಹಿಂದಾಗಿ ಕೆಲಸದ ಮಾತು ಮುಂದೆ ಬರುತ್ತಿತ್ತು. ಈಗ ಹಾಸಿಗೆಗೂ ಕೆಲಸಕ್ಕೂ ಹತ್ತು ಹೆಜ್ಜೆ, ಚೌಕಿಯೇ ಇಲ್ಲ. ಎದ್ದ ಮುಖದಲ್ಲೇ ರಂಗಸ್ಥಳಕ್ಕೆ ನುಗ್ಗಿದ ಹಾಗೆ.

ಆದ್ದರಿಂದ ಒಂದು ಚೌಕಿ ಕಟ್ಟಿಕೊಳ್ಳಬೇಕು. ನನ್ನದು ಹೀಗಿದೆ: ಸ್ನಾನ ಮಾಡಿ, ಹೊರಗೆ ಹೋಗಬಹುದಾದ ಬಟ್ಟೆ ಹಾಕಿಕೊಂಡು, ತೋಟದ ಪಂಪಿನ ಕೊಟ್ಟಿಗೆಯವರೆಗೆ ನಡೆದು ವಾಪಸು ಬರುವುದು. ಹದಿನೈದು ನಿಮಿಷ. ಮಳೆ ಬಂದರೆ ಕೊಡೆ ಹಿಡಿದು. ಆ ಹೊತ್ತಿನಲ್ಲಿ ಫೋನು ಮನೆಯಲ್ಲೇ. ಬಂದವಳು ಚಾ ಹಿಡಿದು ಮೇಲೆ ಹತ್ತಿದರೆ ಆಮೇಲೆ ನಾನು ಕೆಲಸದಲ್ಲಿದ್ದೇನೆ. ನಿಮ್ಮದು ಬೇರೆ ಇರಬಹುದು, ದೇವರಿಗೆ ದೀಪ ಹಚ್ಚುವುದು, ಮಗುವನ್ನು ಶಾಲೆಯ ಬಸ್ಸಿಗೆ ಬಿಟ್ಟು ಬರುವುದು, ಏನೂ ಆದೀತು. ದಿನಾ ಅದೇ ಇರಬೇಕು, ಅಷ್ಟೆ.

ಬೀಡಿ ಕಟ್ಟುವವರಿಂದ ಕಲಿತದ್ದು

ದೂರದಿಂದ ಮಾಡುವ ಕೆಲಸಕ್ಕೆ ಟೆಲಿಕಮ್ಯೂಟಿಂಗ್ ಅಂತ ಹೆಸರಿಟ್ಟದ್ದು ಅಮೆರಿಕದ ಜ್ಯಾಕ್ ನಿಲ್ಲೆಸ್, 1973ರಲ್ಲಿ. ನಮ್ಮ ಕಡೆ ಮನೆಯಿಂದ ಕೆಲಸ ಅದಕ್ಕೂ ಹಳೆಯದು. ಎಷ್ಟೋ ಮನೆಗಳ ಜಗಲಿಯಲ್ಲಿ ಹೆಂಗಸರು ತಡ್ಪೆ (ಮೊರ) ತೊಡೆಯ ಮೇಲಿಟ್ಟು ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ್ದಾರೆ. 1966ರ ಬೀಡಿ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಕೂತು ಕೆಲಸ ಮಾಡುವವರನ್ನೂ ಕಾರ್ಮಿಕರು ಅಂತ ಒಪ್ಪಿತ್ತು.

ನಮ್ಮ ನೆರೆಮನೆಯ ಅಕ್ಕ ಮೂವತ್ತು ವರ್ಷ ಬೀಡಿ ಕಟ್ಟಿದವರು. ಅವರ ದಿನ ಹೇಗಿತ್ತು ಅಂತ ಒಮ್ಮೆ ಕೂತು ಕೇಳಿದೆ. ರಾತ್ರಿ ಊಟವಾದ ಮೇಲೆ ಎಲೆ ನೆನೆಸಿ ಕತ್ತರಿಸಿ ಇಡುವುದು. ಬೆಳಗ್ಗೆ ಕೂತರೆ ನೇರ ಕಟ್ಟುವುದೇ, ಹುಡುಕಾಟ ಇಲ್ಲ. ದಿನಕ್ಕೆ ಇಷ್ಟು ಅಂತ ಲೆಕ್ಕ. ಬೀಡಿ ಕಂಪನಿಯ ಬ್ರಾಂಚಿಗೆ ಕೊಡುವ ಹೊತ್ತು ಗೊತ್ತಿದೆ, ಆ ಹೊತ್ತು ಯಾರಿಗೂ ಕಾಯುವುದಿಲ್ಲ. ಮಧ್ಯಾಹ್ನದ ಮೇಲೆ ಕೈ ನಿಧಾನವಾಗುವಾಗ ಅಕ್ಕಪಕ್ಕದ ಇಬ್ಬರು ಮೂವರು ಒಂದೇ ಜಗಲಿಯಲ್ಲಿ ಕೂರುವುದು, ಮಾತು ನಡೆಯುತ್ತಿದ್ದರೆ ಕೈಯೂ ನಡೆಯುತ್ತದೆ. "ಒಬ್ಬಳೇ ಕೂತರೆ ಐನೂರು ಆಗುವಲ್ಲಿ ನಾಲ್ಕುನೂರೇ ಆಗುವುದು ಮಗಳೇ" ಅಂದರು.

ಆ ಕೂಲಿ ಬಹಳ ಕಡಿಮೆ, ಹೊಗೆಸೊಪ್ಪಿನ ದೂಳು ಶ್ವಾಸಕ್ಕೆ ಕೆಟ್ಟದ್ದು. ಆ ಬದುಕನ್ನು ಚಂದ ಮಾಡಿ ಹೇಳುವ ಉದ್ದೇಶ ನನಗಿಲ್ಲ. ಆದರೆ ಮನೆಯ ನಡುವೆ ಕೂತು ಕೆಲಸ ಮುಗಿಸುವ ವಿದ್ಯೆ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಅದನ್ನು ಹಾಗೆಯೇ ಎತ್ತಿಕೊಂಡಿದ್ದೇನೆ.

ರಾತ್ರಿ ಎಲೆ ಕತ್ತರಿಸಿ ಇಡುವುದು ಅಂದರೆ ನನಗೆ, ಸಂಜೆ ಏಳುವ ಮೊದಲು ಒಂದು ಚೀಟಿಯಲ್ಲಿ ನಾಳೆಯ ಮೊದಲ ಕೆಲಸ ಬರೆದಿಡುವುದು. "ರಿಪೋರ್ಟು" ಅಂತ ಬರೆದರೆ ಸಾಲದು. "ರಿಪೋರ್ಟಿನ ಮೂರನೇ ಭಾಗದ ಲೆಕ್ಕ ತಾಳೆ ನೋಡುವುದು, ಫೈಲು ಇಂಥಲ್ಲಿದೆ" ಅಂತ ಬರೆಯಬೇಕು. ಬೆಳಗ್ಗೆ ಕೂತ ತಕ್ಷಣ ಕೈ ಎಲ್ಲಿಗೆ ಹೋಗಬೇಕು ಅಂತ ಗೊತ್ತಿಲ್ಲದಿದ್ದರೆ ಅದು ಮೊಬೈಲಿಗೇ ಹೋಗುತ್ತದೆ. ದಿನದ ಲೆಕ್ಕ ಅಂದರೆ ಎಷ್ಟು ಗಂಟೆ ಕೂತೆ ಎನ್ನುವುದಲ್ಲ, ಏನು ಮುಗಿಯಿತು ಎನ್ನುವುದು. ನಾನು ದಿನಕ್ಕೆ ಮೂರು ಬರೆದುಕೊಳ್ಳುತ್ತೇನೆ, ಒಂದು ದೊಡ್ಡದು, ಎರಡು ಸಣ್ಣದು. ಜಾಸ್ತಿ ಬರೆದರೆ ಮುಗಿಯದ ಪಟ್ಟಿ ನೋಡಿಯೇ ಮನಸ್ಸು ಸೋಲುತ್ತದೆ. ಜಗಲಿಯ ಜೊತೆಗಾರ್ತಿಯರಿಗೆ ಬದಲಾಗಿ ನಾವು ಮೂವರು ಗೆಳತಿಯರು ಬೆಳಗ್ಗೆ ಒಂಬತ್ತರಿಂದ ಹನ್ನೊಂದು ಕಾಲ್ ಹಾಕಿ, ಮೈಕ್ ಆಫ್ ಮಾಡಿ, ಅವರವರ ಕೆಲಸ ಮಾಡುತ್ತಾ ಕೂರುತ್ತೇವೆ. ಒಬ್ಬಳು ಪೈವಳಿಕೆಯಲ್ಲಿ, ಒಬ್ಬಳು ಪುತ್ತೂರಿನಲ್ಲಿ. ಮಾತಿಲ್ಲ. ಆದರೂ ಎದುರಲ್ಲಿ ಒಬ್ಬರು ಕೂತಿದ್ದಾರೆ ಎನ್ನುವುದು ಎದ್ದು ಹೋಗದಂತೆ ತಡೆಯುತ್ತದೆ.

25 ನಿಮಿಷ ಕೆಲಸ, 5 ನಿಮಿಷ ಬಿಡುವು ಎನ್ನುವ ಪೊಮೊಡೊರೊ ಕ್ರಮದ ಬಗ್ಗೆ ತುಂಬ ಜನ ಕೇಳುತ್ತಾರೆ. ಇಟಲಿಯ ಫ್ರಾನ್ಸೆಸ್ಕೊ ಸಿರಿಲ್ಲೊ 1980ರ ದಶಕದ ಕೊನೆಯಲ್ಲಿ ಟೊಮೆಟೊ ಆಕಾರದ ಅಡುಗೆಮನೆಯ ಟೈಮರ್ ಇಟ್ಟುಕೊಂಡು ಶುರುಮಾಡಿದ್ದು ಅದು. ಮನಸ್ಸಿಲ್ಲದ ಕೆಲಸ ಶುರುಮಾಡಲು ಒಳ್ಳೆಯದು. ಆಳವಾಗಿ ಯೋಚಿಸಬೇಕಾದ ಕೆಲಸಕ್ಕೆ 25 ನಿಮಿಷ ಕಡಿಮೆಯಾಗುತ್ತದೆ ಅಂತ ನನ್ನ ಅನುಭವ.

ಮನೆಯವರ ಜೊತೆ ಮಾತಾಡುವುದು

ಇದು ಎಲ್ಲಕ್ಕಿಂತ ಕಷ್ಟದ್ದು, ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ. ಎಷ್ಟೋ ಸಲಹೆಗಳು ಈ ಭಾಗವನ್ನು ಹಾರಿಸಿಬಿಡುತ್ತವೆ.

ದೇಶದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದಕ್ಕೆ ಕೊಡುತ್ತಾರೆ, ಗಂಡಸರು 88 ನಿಮಿಷ. 2019ರಲ್ಲಿ ಇದು 299 ಮತ್ತು 97 ಇತ್ತು. ಐದು ವರ್ಷದಲ್ಲಿ ಎರಡೂ ಒಂದಿಷ್ಟು ಇಳಿದಿವೆ, ನಡುವಿನ ಅಂತರ ಹಾಗೇ ಇದೆ. ಹತ್ತಿರ ಹತ್ತಿರ ಐದು ಗಂಟೆ! ಆಫೀಸಿಗೆ ಹೋಗುವ ಹೆಂಗಸಿಗೆ ಆ ಐದು ಗಂಟೆ ಬೆಳಗ್ಗೆ ಮತ್ತು ಸಂಜೆಗೆ ಹಂಚಿರುತ್ತದೆ. ಮನೆಯಿಂದ ಕೆಲಸ ಮಾಡುವವಳಿಗೆ ಅದು ಇಡೀ ದಿನದ ತುಂಬ ಚದುರಿ, ಹತ್ತು ಹತ್ತು ನಿಮಿಷದ ತುಂಡಾಗಿ ಬಂದು ಬೀಳುತ್ತದೆ. ಚೆನ್ನೈಯ ಆ ಶೇ. 27ರ ಹಿಂದೆ ಇಂಥ ದಿನಗಳು ಎಷ್ಟಿದ್ದಾವೋ. ಆದ್ದರಿಂದ ಒಂದೇ ಮನೆಯ ಗಂಡ ಹೆಂಡತಿ ಇಬ್ಬರೂ ಮನೆಯಿಂದ ಕೆಲಸ ಮಾಡುತ್ತಿದ್ದರೂ ಇಬ್ಬರ ದಿನ ಒಂದೇ ಅಲ್ಲ. ಗಂಡನ ಬಾಗಿಲು ಹಾಕಿದ್ದರೆ "ಅವನಿಗೆ ಮೀಟಿಂಗ್", ಹೆಂಡತಿಯ ಬಾಗಿಲು ಹಾಕಿದ್ದರೆ "ಎಂತ ಮಾಡ್ತಾಳೆ ಒಳಗೆ?" ಇದನ್ನು ಟೈಮರ್ ಇಟ್ಟು ಸರಿಮಾಡಲಾಗುವುದಿಲ್ಲ, ಕೂತು ಮಾತಾಡಿಯೇ ಆಗಬೇಕು.

ನಾನು ಮಾತಾಡಿದ್ದು ಅಡಿಕೆ ಒಳಗೆ ಹಾಕಿದ ಆ ದಿನದ ರಾತ್ರಿ, ಊಟದ ಹೊತ್ತಿಗೆ. "ನನ್ನನ್ನು ಕರೆಯಬೇಡಿ" ಅಂತ ಹೇಳಲಿಲ್ಲ. ಆ ಮಾತು ನಮ್ಮ ಮನೆಯಲ್ಲಿ ನಡೆಯುವುದಿಲ್ಲ, ನನಗೂ ಹೇಳಲು ಮನಸ್ಸಿಲ್ಲ. "ಅತ್ತೆ, ಬೆಳಗ್ಗೆ ಎಂಟೂವರೆಯಿಂದ ಹನ್ನೆರಡೂವರೆವರೆಗೆ ನಾನು ಊರಲ್ಲೇ ಇಲ್ಲ ಅಂತ ತಿಳ್ಕೊಳ್ಳಿ. ಆಮೇಲೆ ಒಂದು ಗಂಟೆ ನೀವು ಹೇಳಿದ ಯಾವ ಕೆಲಸವನ್ನೂ ಮಾಡ್ತೇನೆ" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀನು ಬೆಂಗಳೂರಲ್ಲಿ ಇದ್ದಾಗ ನಾವು ಅಡಿಕೆ ಒಳಗೆ ಹಾಕ್ಲಿಲ್ವಾ, ಅದಕ್ಕೆಂತ" ಅಂದರು. ಮಾರನೇ ವಾರ ಮಾವ ಒಂದು ದೊಡ್ಡ ಟಾರ್ಪಾಲು ತಂದರು. ಮೋಡ ಕಂಡರೆ ಅಡಿಕೆ ರಾಶಿ ಮಾಡಿ ಅದನ್ನು ಎಳೆದರಾಯಿತು.

ಇದರಲ್ಲಿ ಕಲಿಯಬೇಕಾದ್ದು ಎರಡು ಇದೆ. ಇಡೀ ದಿನ ಬೇಡಿದರೆ ಯಾರೂ ಕೊಡುವುದಿಲ್ಲ, ನಾಲ್ಕು ಗಂಟೆ ಕೇಳಿದರೆ ಕೊಡುತ್ತಾರೆ. ಮತ್ತೆ, ಕೆಲಸದಲ್ಲಿ ಇರದ ಹೊತ್ತನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಿ, ಆ ಹೊತ್ತಿನಲ್ಲಿ ನಿಜವಾಗಿಯೂ ಸಿಗಬೇಕು. ಹನ್ನೆರಡೂವರೆಗೆ ನಾನು ಕೆಳಗಿಳಿಯದಿದ್ದರೆ ಒಪ್ಪಂದ ಮುರಿದದ್ದು ನಾನೇ. ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡುವ ದಿನ, ಮನೆಯಲ್ಲಿ ಪೂಜೆ ಇರುವ ದಿನ ಅರ್ಧ ಮನಸ್ಸಿನಲ್ಲಿ ಲಾಗಿನ್ ಆಗುವ ಬದಲು ರಜೆಯನ್ನೇ ಹಾಕುತ್ತೇನೆ. ಸಣ್ಣ ಮಕ್ಕಳಿಗೆ ಗಡಿಯಾರ ಅರ್ಥವಾಗುವುದಿಲ್ಲ, ಬಣ್ಣ ಅರ್ಥವಾಗುತ್ತದೆ. ನನ್ನ ಬಾಗಿಲಿಗೆ ಕೆಂಪು ರಿಬ್ಬನ್ ಕಟ್ಟಿದ್ದರೆ ಒಳಗೆ ಬರಬಾರದು, ಹಸಿರು ಇದ್ದರೆ ಬರಬಹುದು. ಮಗ ಮೊದಲ ವಾರ ನೂರು ಸಲ ಬಂದ. ಈಗ ಹಸಿರು ಕಟ್ಟುವುದನ್ನೇ ಮೆಟ್ಟಿಲಲ್ಲಿ ಕಾಯುತ್ತಾನೆ, ಕಟ್ಟಿದ ಕೂಡಲೇ ಓಡಿ ಬರುತ್ತಾನೆ.

ಕರೆಂಟು, ನೆಟ್, ಸಿಡಿಲು

ಊರಿನಲ್ಲಿ ಕೆಲಸ ಮಾಡುವವರು ಇದನ್ನು ಸುಮ್ನೆ ಬಿಡುವ ಹಾಗಿಲ್ಲ. ಮಳೆಗಾಲದಲ್ಲಿ ತೆಂಗಿನ ಮಡಲೋ ಅಡಿಕೆ ಮರವೋ ಲೈನಿನ ಮೇಲೆ ಬಿದ್ದರೆ ಕರೆಂಟು ಯಾವಾಗ ಬರುತ್ತದೆ ಅಂತ ಯಾರೂ ಹೇಳಲಾರರು.

ಇನ್ವರ್ಟರಿನ ಲೆಕ್ಕ ಸುಲಭ. 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಸುಮಾರು 1800 ವಾಟ್-ಅವರ್ ಇರುತ್ತದೆ, ಅಷ್ಟೂ ಕೈಗೆ ಸಿಗುವುದಿಲ್ಲ. ಮೂರನೇ ಎರಡು ಭಾಗ ಅಂತ ಹಿಡಿಯಿರಿ. ಲ್ಯಾಪ್‌ಟಾಪ್ 60 ವಾಟ್, ಮೋಡೆಮ್ 12, ಎಲ್ಇಡಿ ಬಲ್ಬು 9, ಕಡಿಮೆ ಕರೆಂಟು ತಿನ್ನುವ ಬಿಎಲ್‌ಡಿಸಿ ಫ್ಯಾನು 30. ಒಟ್ಟು 110ರಷ್ಟು. ಬ್ಯಾಟರಿ ಹೊಸತಾದರೆ ಎಂಟು ಹತ್ತು ಗಂಟೆ ಬರಬೇಕು. ಹಳೇ ಫ್ಯಾನು ಒಂದೇ 75 ವಾಟ್ ತಿನ್ನುತ್ತದೆ. ಇನ್ವರ್ಟರ್ ಇಲ್ಲದವರು ಮೋಡೆಮ್‌ಗೆ ಮಾತ್ರ ಒಂದು ಸಣ್ಣ ಯುಪಿಎಸ್ ಹಾಕಿಕೊಂಡರೂ ಸಾಕು, ಲ್ಯಾಪ್‌ಟಾಪಿಗೆ ಅದರದ್ದೇ ಬ್ಯಾಟರಿ ಇದೆಯಲ್ಲ. ಫೋನಿನ ಹಾಟ್‌ಸ್ಪಾಟ್ ಪೂರ್ತಿ ನಂಬಬೇಡಿ. ಕರೆಂಟು ತುಂಬ ಹೊತ್ತು ಬಾರದಿದ್ದರೆ ಟವರಿನ ಬ್ಯಾಟರಿಯೂ ಇಳಿಯುತ್ತದೆ. ಮಳೆಗಾಲದಲ್ಲಿ ಮರುದಿನಕ್ಕೆ ಬೇಕಾದ ಫೈಲುಗಳನ್ನು ಹಿಂದಿನ ರಾತ್ರಿಯೇ ಇಳಿಸಿಟ್ಟುಕೊಳ್ಳುವುದು ನನ್ನ ಅಭ್ಯಾಸ.

ಸಿಡಿಲಿನ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಫೈಬರ್ ಬಂದಿದೆ, ಅದು ಗಾಜು, ಇನ್ನು ಮೋಡೆಮ್ ಸುಡುವುದಿಲ್ಲ ಅಂತ. ಗಾಜಿನ ಎಳೆಯಲ್ಲಿ ಸಿಡಿಲಿನ ಕರೆಂಟು ಹರಿಯುವುದಿಲ್ಲ, ನಿಜ. ಆದರೆ ಮೋಡೆಮ್‌ನ ಅಡಾಪ್ಟರ್ ಗೋಡೆಯ ಪ್ಲಗ್ಗಿನಲ್ಲಿದೆ. ಕರೆಂಟಿನ ಲೈನಿನಿಂದ ಬಂದದ್ದು ಅಲ್ಲಿಂದ ಒಳಗೆ ಬಂದು, ತಾಮ್ರದ ಲ್ಯಾನ್ ಕೇಬಲ್ ಹಿಡಿದು ಲ್ಯಾಪ್‌ಟಾಪಿಗೂ ಹೋಗಬಹುದು. ಮೋಡ ಕಂಡಾಗಲೇ, ಗುಡುಗು ಶುರುವಾಗುವ ಮೊದಲೇ ಪ್ಲಗ್ ತೆಗೆಯಬೇಕು, ಸ್ವಿಚ್ ಆಫ್ ಮಾಡಿದರೆ ಸಾಲದು. ಕೇರಳದಲ್ಲಿ ಸಿಡಿಲು ಜಾಸ್ತಿ ಇರುವುದು ಏಪ್ರಿಲ್ ಮೇಯಲ್ಲಿ ಮತ್ತು ಅಕ್ಟೋಬರ್ ನವೆಂಬರಿನಲ್ಲಿ. ಮಧ್ಯಾಹ್ನ 2ರಿಂದ ರಾತ್ರಿ 10ರವರೆಗೆ ಹೆಚ್ಚು ಎಚ್ಚರ ಬೇಕು ಅಂತ ರಾಜ್ಯದ ವಿಪತ್ತು ನಿರ್ವಹಣಾ ಪ್ರಾಧಿಕಾರ ಹೇಳುತ್ತದೆ. ಹಾಗಾಗಿ ಆ ತಿಂಗಳುಗಳಲ್ಲಿ ನೆಟ್ ಬೇಕೇ ಬೇಕು ಎನ್ನುವ ಮೀಟಿಂಗುಗಳನ್ನು ಬೆಳಗ್ಗೆಗೆ ಕೇಳಿಕೊಳ್ಳುತ್ತೇನೆ. ಕಾರಣ ಹೇಳಿದರೆ ಒಪ್ಪುತ್ತಾರೆ. ಊಟವಾದ ಮೇಲಿನ ಹೊತ್ತು ದೇಹಕ್ಕೂ ಮಂಪರಿನ ಹೊತ್ತು, ಊಟ ಕಡಿಮೆ ಮಾಡಿದರೂ ಅದು ಬರುತ್ತದೆ. ಆಗ ಇಮೇಲ್ ಉತ್ತರ, ಲೆಕ್ಕದ ಹಾಳೆ ತುಂಬಿಸುವುದು, ಇಂಥದ್ದನ್ನೇ ಇಟ್ಟುಕೊಳ್ಳಿ.

ಮಂಗಳ ಹಾಡುವುದು

ಶುರುವಿನ ಬಗ್ಗೆ ಇಷ್ಟು ಹೇಳಿದೆ, ಕೊನೆಯ ಬಗ್ಗೆಯೂ ಹೇಳಬೇಕು. ಒಂದು ಕೆಲಸಕ್ಕೆ ಎಷ್ಟು ಹೊತ್ತು ಕೊಡುತ್ತೇವೋ ಅಷ್ಟೂ ಹೊತ್ತಿಗೆ ಅದು ಹಿಗ್ಗುತ್ತದೆ ಅಂತ ಇಂಗ್ಲೆಂಡಿನ ಪಾರ್ಕಿನ್ಸನ್ 1955ರಲ್ಲಿ ಬರೆದರು. ನಮ್ಮ ಯಕ್ಷಗಾನದ ಆಟಗಳನ್ನೇ ನೋಡಿ. ರಾತ್ರಿಯಿಡೀ ನಡೆಯುತ್ತಿದ್ದ ಪ್ರಸಂಗ ಈಗ ಕಾಲಮಿತಿಯಲ್ಲಿ ನಡುರಾತ್ರಿಗೆ ಮುಗಿಯುತ್ತದೆ. ಇಡೀ ರಾತ್ರಿಯ ಆಟದ ಸೊಗಸು ಬೇರೆಯೇ, ಅದರ ಬಗ್ಗೆ ನನಗೆ ನೋವಿದೆ. ಆದರೂ ಕಥೆ ಅದೇ, ಯುದ್ಧ ಅದೇ, ಗೆಲ್ಲುವವನೂ ಅವನೇ. ಮನೆಯಿಂದ ಮಾಡುವ ಕೆಲಸಕ್ಕೆ ಕಾಲಮಿತಿ ಹಾಕದಿದ್ದರೆ ಅದು ರಾತ್ರಿ ಊಟ ದಾಟಿ ಹಾಸಿಗೆಯವರೆಗೂ ಬರುತ್ತದೆ. ಹೀಗೆ ಎಳೆದ ಕೆಲಸದಿಂದ ಫಲ ಇಲ್ಲ ಅಂತ ಆ 10,000 ಜನರ ದಾಖಲೆಯೇ ಹೇಳುತ್ತದೆ.

ಮೊದಲ ವರ್ಷ ನನ್ನ ಮೇಲಿನವರು ರಾತ್ರಿ ಹತ್ತಕ್ಕೆ ಮೆಸೇಜು ಹಾಕುತ್ತಿದ್ದರು, ನಾನು ಹತ್ತೂ ಐದಕ್ಕೆ ಉತ್ತರ ಕೊಡುತ್ತಿದ್ದೆ. ಮನೆಯಲ್ಲಿದ್ದೇನೆ, ಕೆಲಸ ಮಾಡುತ್ತಿಲ್ಲ ಅಂತ ಅಂದುಕೊಂಡಾರು ಎನ್ನುವ ಹೆದರಿಕೆ. ಆ ಹೆದರಿಕೆ ಮನೆಯಿಂದ ಕೆಲಸ ಮಾಡುವ ಎಲ್ಲರಿಗೂ ಇದೆ ಅಂತ ನನಗೀಗ ಗೊತ್ತು. ಅದಕ್ಕೆ ಮದ್ದು ರಾತ್ರಿಯ ಉತ್ತರವಲ್ಲ, ಸಂಜೆಯ ನಾಲ್ಕು ಸಾಲು. ಇವತ್ತು ಏನು ಮುಗಿಯಿತು, ಏನು ಉಳಿಯಿತು, ನಾಳೆ ಎಲ್ಲಿಂದ, ಯಾರಿಂದ ಏನು ಬೇಕು. ಇದನ್ನು ದಿನಾ ಕಳಿಸಲು ಶುರುಮಾಡಿ ಎರಡು ತಿಂಗಳಾಗುವಾಗ ರಾತ್ರಿಯ ಮೆಸೇಜುಗಳು ತಾವಾಗಿಯೇ ಕಡಿಮೆಯಾದವು. ನಮ್ಮ ಕೆಲಸ ಕಾಣದಿರುವುದರಿಂದ ಅವರಿಗೂ ಅಷ್ಟೇ ಆತಂಕ ಇತ್ತು ಅಂತ ಆಮೇಲೆ ಅರ್ಥವಾಯಿತು.

ಆ ನಾಲ್ಕು ಸಾಲು ಕಳಿಸಿ, ನಾಳೆಯ ಚೀಟಿ ಬರೆದು, ಲ್ಯಾಪ್‌ಟಾಪ್ ಮುಚ್ಚಿ, ಪ್ಲಗ್ ತೆಗೆಯುತ್ತೇನೆ. ಚಾರ್ಜರನ್ನು ಕೆಳಗೆ ತರುವುದಿಲ್ಲ. ಆರು ಗಂಟೆಗೆ ಮೆಟ್ಟಿಲಿಳಿಯುವಾಗ ಅತ್ತೆ ಚಾವಡಿಯಲ್ಲಿ ಕೂತು ಅಡಿಕೆ ಸುಲಿಯುತ್ತಿರುತ್ತಾರೆ. ನಾನೂ ಒಂದು ಮಣೆ ಎಳೆದು ಪಕ್ಕದಲ್ಲಿ ಕೂರುತ್ತೇನೆ.